ಬರ್ನರ್ ಮೇಡಂ ಮತ್ತು ಆಷಾಢದ ಗ್ಯಾಸು

ಅವಳ ಬೀಳ್ಕೊಡುಗೆಯ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಸ್ನೇಹ ಅಂದರೆ ಹೀಗಿರಬೇಕು ಅಂತ ಪಕ್ಕದಲ್ಲಿ ಕೂತಿದ್ದ ಅಕೌಂಟ್ಸ್‌ನವರು ಕಣ್ಣೊರೆಸಿಕೊಂಡರು. ಸ್ನೇಹವೂ ಇಲ್ಲ ಗೀಹವೂ ಇಲ್ಲ. ಅಂತೂ ಇಂತೂ ಹೋಗುತ್ತಿದ್ದಾಳಲ್ಲ ಅನ್ನುವ ಸಂತೋಷಕ್ಕೆ ತಟ್ಟಿದೆ. ಅವಳಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟು ಕೂರಿಸಿದ್ದರು. ಪೇಟ ಇಟ್ಟರೆ ಯಾರೇ ಆಗಲಿ ಸ್ವಲ್ಪ ಪೆದ್ದುಪೆದ್ದಾಗಿ ಕಾಣುತ್ತಾರೆ. ಇವಳಿಗೆ ಅದೂ ಒಪ್ಪಿತ್ತು. ಎಂಥ ಅನ್ಯಾಯ ನೋಡಿ.

ನನ್ನನ್ನೂ ನಾಲ್ಕು ಮಾತಾಡಿ ಅಂತ ಕರೆದರು. ಇಷ್ಟು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತಿದ್ದೇವೆ, ಒಂದು ದಿನವೂ ಜಗಳ ಆಡಿಲ್ಲ ಅಂದೆ. ಅದು ನಿಜವೇ. ಜಗಳ ಆಡುವುದಕ್ಕೆ ಅವಳು ಒಂದು ಅವಕಾಶ ಕೊಟ್ಟಿದ್ದರೆ ತಾನೆ? ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹೆಸರು ಹಾಕಿದರೆ ಜನ ಓದಿ ಮುಗಿಸುವಷ್ಟರಲ್ಲಿ ಮತ್ತೆ ಅವಳನ್ನೇ ಹೊಗಳಲು ಶುರು ಮಾಡುತ್ತಾರೆ.

ನಮ್ಮ ಕಂಪನಿ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿದೆ. ಸಣ್ಣ ಗ್ಯಾಸ್ ಟರ್ಬೈನ್‌ಗಳನ್ನು ಮಾಡುತ್ತೇವೆ. ಗ್ಯಾಸು ಉರಿದು ಬರುವ ಬಿಸಿಗಾಳಿ ಚಕ್ರ ತಿರುಗಿಸುತ್ತದೆ, ಚಕ್ರ ತಿರುಗಿ ಕರೆಂಟು ಬರುತ್ತದೆ. ಆ ಗ್ಯಾಸು ಉರಿಯುವ ಬಾಯಿಯೇ ಬರ್ನರ್. ಅದರ ವಿನ್ಯಾಸ ಮಾಡುವುದು ನಮ್ಮಿಬ್ಬರ ಕೆಲಸ. ಇಬ್ಬರ ಕೆಲಸ, ದಯವಿಟ್ಟು ಗಮನಿಸಿ. ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳಾದರೂ ಕೆಲಸಕ್ಕೆ ಸೇರಿದ್ದು ನನಗಿಂತ ಆಮೇಲೆ. ಟೆಸ್ಟ್ ಶೆಡ್ಡಿನ ಬಾಗಿಲು ಯಾವುದು, ಊಟಕ್ಕೆ ಎಲ್ಲಿ ಕೂರಬೇಕು ಅಂತ ಅವಳಿಗೆ ತೋರಿಸಿಕೊಟ್ಟವಳು ನಾನು. ಆರು ತಿಂಗಳು ಆಗಿರಲಿಲ್ಲ, ಶೆಡ್ಡಿನವರೆಲ್ಲ ಅವಳನ್ನು ಬರ್ನರ್ ಮೇಡಂ ಅನ್ನತೊಡಗಿದರು. ನಾನು ಏನಾದೆ? 'ಆ ಇನ್ನೊಬ್ರು ಮೇಡಂ' ಆದೆ. ಕೊನೆಯವರೆಗೂ ಹಾಗೇ ಉಳಿದೆ.

ಮನೆಯ ಒಲೆಗೆ ಬರುವ ಸಿಲಿಂಡರ್ ಗ್ಯಾಸು ವರ್ಷವಿಡೀ ಒಂದೇ ಥರ ಇರುತ್ತದೆ. ನಮ್ಮ ಗಿರಾಕಿಗಳ ಗ್ಯಾಸು ಹಾಗಲ್ಲ. ಕೊಳೆತ ತರಕಾರಿ, ಹೋಟೆಲಿನ ಎಂಜಲು, ಸಗಣಿ ಇಂಥವುಗಳಿಂದ ಹುಟ್ಟುವ ಗ್ಯಾಸಿನಲ್ಲಿ ಒಂದು ದಿನ ಕಸುವು ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಕಸುವಿಲ್ಲದ ತೆಳು ಗ್ಯಾಸು ಜಾಸ್ತಿ ಬೇಕಾಗುತ್ತದಲ್ಲ ಅಂತ ಬರ್ನರಿಗೆ ದೊಡ್ಡ ತೂತು ಕೊರೆದರೆ, ಕಸುವಿರುವ ಗ್ಯಾಸು ಬಂದ ದಿನ ಬೆಂಕಿ ಬಾಯಿಗೇ ಅಂಟಿಕೊಂಡು ಲೋಹವನ್ನು ಸುಡುತ್ತದೆ. ಸಣ್ಣ ತೂತು ಕೊರೆದರೆ ತೆಳು ಗ್ಯಾಸಿನ ಬೆಂಕಿ ನೆಲೆ ನಿಲ್ಲದೆ ಹಾರಿ ಆರುತ್ತದೆ. ಎರಡನ್ನೂ ಒಂದೇ ಬರ್ನರ್ ತಾಳಿಕೊಳ್ಳಬೇಕು. ನಮ್ಮ ಜೀವಮಾನದ ತಲೆನೋವು ಇಷ್ಟೇ.

ನಾವೆಲ್ಲ ಒಳ್ಳೆಯ ಗ್ಯಾಸಿಗೆ ಬರ್ನರ್ ಮಾಡಿಟ್ಟುಕೊಂಡು, ಆಮೇಲೆ ಅದನ್ನು ಕೆಟ್ಟ ಗ್ಯಾಸಿಗೆ ಒಗ್ಗಿಸುವುದಕ್ಕೆ ಒದ್ದಾಡುತ್ತಿದ್ದೆವು. ಅವಳು ಬಂದವಳೇ ಗಿರಾಕಿಗಳ ಹತ್ತಿರ ನಿಮ್ಮ ಅತ್ಯಂತ ದರಿದ್ರ ದಿನದ ಗ್ಯಾಸು ಎಷ್ಟು ದರಿದ್ರ ಇರುತ್ತೆ ಅಂತ ಮೊದಲು ಕೇಳುತ್ತಿದ್ದಳು. ಅದಕ್ಕೆ ಉರಿಯುವ ಹಾಗೆ ಮಧ್ಯದಲ್ಲಿ ಗಾಳಿ ತಾಗದ ಒಂದು ಪುಟ್ಟ ಜ್ವಾಲೆ ಕೂರಿಸಿ, ಒಳ್ಳೆಯ ಗ್ಯಾಸಿನ ಚಿಂತೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಯಾಕೆ ಹೀಗೆ ಅಂತ ಒಂದು ಸಲ ಕೇಳಿದೆ. "ಬಡವರ ಮನೇಲಿ ಸಂಸಾರ ಮಾಡಿದವಳನ್ನ ಸಾಹುಕಾರರ ಮನೆಗೆ ಕಳಿಸಬಹುದು ಕಣೇ. ಆ ಕಡೆಯಿಂದ ಈ ಕಡೆ ಕಳಿಸೋದು ಕಷ್ಟ" ಅಂದಳು. ಬಾಸ್‌ಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಗಿರಾಕಿಗಳಿಗೆ ತೋರಿಸುವ ಸ್ಲೈಡಿನಲ್ಲಿ ಇಂಗ್ಲಿಷು ಮಾಡಿ ಹಾಕಿಸಿದರು. ನಾನೂ ಎಷ್ಟೋ ಒಳ್ಳೆಯ ಮಾತು ಆಡಿದ್ದೇನೆ. ಯಾವುದೂ ಸ್ಲೈಡಿಗೆ ಹೋಗಲಿಲ್ಲ.

ನೋಡುವುದಕ್ಕೆ ಹೇಗಿದ್ದಳು ಅಂದರೆ, ಕುಳ್ಳಗೆ, ಗುಂಡಗೆ ಇದ್ದಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜೆಲ್ಲ ಹುಡುಕುತ್ತಿದ್ದಳು. ಟೆಸ್ಟ್ ಶೆಡ್ಡಿನಲ್ಲಿ ಬೆಂಕಿ ನೋಡಲು ಗೋಡೆಯಲ್ಲಿ ಅಂಗೈಯಷ್ಟು ದಪ್ಪಗಾಜಿನ ಕಿಂಡಿ ಇದೆ. ಅದರ ಮುಂದೆ ನಿಂತು, ಒಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು, ಇನ್ನೊಂದರಲ್ಲಿ ಇಣುಕುತ್ತ, ತುಟಿ ಅಲ್ಲಾಡಿಸುತ್ತ ಬೆಂಕಿಯ ಜೊತೆ ಏನೋ ಹೇಳಿಕೊಳ್ಳುತ್ತಿದ್ದಳು. ಮಗುವಿಗೆ ಅನ್ನ ತಿನ್ನಿಸುವಾಗ ತಾಯಂದಿರು ತಾವೂ ಬಾಯಿ ಆಡಿಸುತ್ತಾರಲ್ಲ, ಹಾಗೆ. ಯಾರೂ ಇಲ್ಲದಾಗ ನಾನೂ ಆ ಕಿಂಡಿಯಲ್ಲಿ ಹಾಗೇ ನಿಂತು ನೋಡಿದ್ದೇನೆ. ನನಗೆ ಬೆಂಕಿ ಮಾತ್ರ ಕಂಡಿತು. ಅವಳ ತಲೆಕೂದಲು ಕೂಡ ನನಗಿಂತ ತಡವಾಗಿ ನರೆಯಿತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೆಂಗೇರಿ ದಾಟಿದ ಮೇಲೆ ಒಂದು ಖಾಸಗಿ ಘಟಕ ಇದೆ. ಕಲ್ಯಾಣ ಮಂಟಪ, ಹೋಟೆಲು, ತರಕಾರಿ ಮಾರ್ಕೆಟ್ಟುಗಳ ಕಸ ತಂದು ತೊಟ್ಟಿಯಲ್ಲಿ ಕೊಳೆಸಿ ಗ್ಯಾಸು ಮಾಡುತ್ತಾರೆ. ಅಲ್ಲಿ ಅವಳ ಬರ್ನರ್ ಇಟ್ಟ ನಮ್ಮ ಟರ್ಬೈನು ನಡೆಯುತ್ತಿತ್ತು. ವರ್ಷದ ಬಹುಪಾಲು ಸರಿಯಾಗಿ ಓಡುವುದು, ನಡುವೆ ಕೆಲವು ವಾರ ಇದ್ದಕ್ಕಿದ್ದ ಹಾಗೆ ಗ್ಯಾಸು ಅವರು ಹೇಳಿದ್ದಕ್ಕಿಂತಲೂ ತೆಳುವಾಗಿ ಬೆಂಕಿ ಆರುವುದು. ಕಾರಣ ಹುಡುಕುವ ಕೆಲಸ ನನಗೆ ಬಂತು. ಎಷ್ಟು ದಿನ ಕೂತೆ ಅಂತೀರಿ. ಮಳೆಯ ಗ್ರಾಫು, ಸೆಖೆಯ ಗ್ರಾಫು, ತೊಟ್ಟಿಯ ಹುಳಿಯ ಗ್ರಾಫು, ಎಲ್ಲವನ್ನೂ ಗ್ಯಾಸಿನ ಗ್ರಾಫಿನ ಪಕ್ಕ ಇಟ್ಟು ನೋಡಿದೆ. ಒಂದಕ್ಕೊಂದು ತಾಳೆ ಆಗಲಿಲ್ಲ.

ಆ ಹೊತ್ತಿಗೆ ನಮ್ಮ ಸ್ಟೋರ್ಸ್‌ನವರ ಮಗಳ ಮದುವೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಊಟಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಅದೇ ಹೋಳಿಗೆ, ಅದೇ ತುಪ್ಪ, ಅದೇ ಸಾರು. ನಾನು ಮದುಮಗಳ ಸೀರೆಯ ಅಂಚು ನೋಡುತ್ತಿದ್ದೆ. ಅವಳು ಮೊಸರನ್ನ ಅರ್ಧಕ್ಕೇ ಬಿಟ್ಟು ಎದ್ದು ಹಿಂದುಗಡೆ ಹೋದಳು. ಕೈತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಅಲ್ಲಿ ಎಂಜಲೆಲೆಗಳನ್ನು ಡ್ರಮ್ಮಿಗೆ ತುಂಬಿ ವ್ಯಾನಿಗೆ ಏರಿಸುತ್ತಿದ್ದವನ ಜೊತೆ ಮಾತಾಡುತ್ತ ನಿಂತಿದ್ದಳಂತೆ. ಒದ್ದೆ ಕೈಯಲ್ಲೇ ಬಂದು ನನ್ನ ಕಿವಿಯಲ್ಲಿ, "ಲೇ, ಆಷಾಢದಲ್ಲಿ ಮದುವೆ ಇರಲ್ಲ ಕಣೇ" ಅಂದಳು.

ಅಷ್ಟೇ. ಮದುವೆ ಇದ್ದರೆ ತುಪ್ಪ, ಎಣ್ಣೆ, ಹೋಳಿಗೆ, ಲಾಡು ಎಲ್ಲ ತೊಟ್ಟಿಗೆ ಬೀಳುತ್ತದೆ, ಗ್ಯಾಸಿಗೆ ಕಸುವು ಬರುತ್ತದೆ. ಆಷಾಢದಲ್ಲಿ ಮಂಟಪಗಳಿಗೆ ಬೀಗ. ಬರೀ ಸೊಪ್ಪಿನ ದಂಟು, ಸೌತೆಕಾಯಿ ಸಿಪ್ಪೆ. ಗ್ಯಾಸು ತೆಳುವಾಗದೆ ಇನ್ನೇನು? ನಾನು ಈ ಊರಿನಲ್ಲೇ ಹುಟ್ಟಿದವಳು. ಅದೇ ಮಂಟಪದಲ್ಲೇ ನನ್ನ ಮದುವೆ ಆಗಿದ್ದು. ಮದುವೆಯಾದ ವರ್ಷ ಆಷಾಢಕ್ಕೆ ಅಂತ ಅತ್ತೆಮನೆಯವರು ನನ್ನನ್ನು ಒಂದು ತಿಂಗಳು ತವರಿಗೆ ಕಳಿಸಿದ್ದರು. ಆಷಾಢ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಹೊಳೆದದ್ದು ಅವಳಿಗೆ. ಆವತ್ತು ತಾಂಬೂಲದ ಚೀಲವನ್ನು ಮಂಟಪದಲ್ಲೇ ಮರೆತು ಬಂದೆ, ಅಷ್ಟು ಸಿಟ್ಟು ಬಂದಿತ್ತು.

ಸೋಮವಾರ ಅವಳು ಮುಹೂರ್ತಗಳಿರುವ ಗೋಡೆ ಕ್ಯಾಲೆಂಡರ್ ತಂದು ನನ್ನ ಗ್ರಾಫುಗಳ ಪಕ್ಕ ನೇತುಹಾಕಿದಳು. ಅಚ್ಚುಕಟ್ಟಾಗಿ ತಾಳೆ ಆಯಿತು. ಗಿರಾಕಿಗೆ ಬರೆದ ವರದಿಯಲ್ಲಿ ನನ್ನ ಹೆಸರನ್ನು ಮೊದಲು ಹಾಕಿದಳು. ಯಾರು ಕೇಳಿದ್ದರು?

ಕಾರಣ ಸಿಕ್ಕಿತು, ಅವಳು ಹೇಳಿದ ಪರಿಹಾರ ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆಷಾಢ ಬಂತೆಂದರೆ ಅಡುಗೆ ಸಿಲಿಂಡರುಗಳನ್ನು ಜೋಡಿಸಿ ಅದರ ಗ್ಯಾಸನ್ನು ತೆಳು ಗ್ಯಾಸಿಗೆ ಬೆರೆಸುವುದು. ಕಸುವಿನ ಅಳತೆ ನೋಡುವ ಯಂತ್ರ ಒಂದಿತ್ತು. ಅಳತೆ ಇಳಿದ ಕೂಡಲೇ ಸಿಲಿಂಡರಿನ ವಾಲ್ವು ತಾನಾಗಿ ತೆರೆಯಬೇಕು. ಆದರೂ ಮೊದಲ ಆಷಾಢದಲ್ಲಿ ಬೆಂಕಿ ಆರುತ್ತಲೇ ಇತ್ತು. ಆಗ ನಾನು ಹಿಡಿದೆ, ಅವಳ ತಪ್ಪನ್ನು. ಹೌದು, ಅವಳೂ ತಪ್ಪು ಮಾಡಿದ್ದಾಳೆ. ಪರದೇಶದ ಯಂತ್ರ, ಧೂಳು ಸೆಖೆ ಆಗಿಬರಲ್ಲ ಅಂತ ಅದನ್ನು ಅಂಗಳದ ಆ ತುದಿಯ ಎಸಿ ಕೋಣೆಯಲ್ಲಿ ಕೂರಿಸಿದ್ದಳು. ಪೈಪಿನಿಂದ ಅಲ್ಲಿಯವರೆಗೆ ಉದ್ದಕ್ಕೆ ಒಂದು ಸಣ್ಣ ಕೊಳವೆ. ಗ್ಯಾಸು ಆ ಕೊಳವೆಯಲ್ಲಿ ತೆವಳಿಕೊಂಡು ಹೋಗಿ ಯಂತ್ರ ಮುಟ್ಟುವ ಹೊತ್ತಿಗೆ, ಅದೇ ಗ್ಯಾಸು ಇತ್ತ ಬರ್ನರ್ ತಲುಪಿ ಬೆಂಕಿ ಆರಿಸಿಯಾಗಿರುತ್ತಿತ್ತು. ಅಳತೆ ಸರಿಯಾಗೇ ಇತ್ತು, ಆದರೆ ಹಳಸಿದ ಅಳತೆ. ನಾನು ಕೊಳವೆಯ ಈ ತುದಿಯಲ್ಲಿ ಸ್ವಲ್ಪ ಸಿಲಿಂಡರ್ ಗ್ಯಾಸು ಬಿಟ್ಟು, ಆ ತುದಿಗೆ ಓಡಿ, ಅಳತೆ ಬದಲಾಗುವುದನ್ನು ಕಾಯುತ್ತ ನಿಂತು ಇದನ್ನು ಪತ್ತೆ ಮಾಡಿದೆ.

ಮೀಟಿಂಗಿನ ದಿನ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದೆ. ಹಿಂದಿನ ದಿನವೇ ಅವಳಿಗೆ ಹೇಳಿದ್ದೆ, ಅದೇ ನಾನು ಮಾಡಿದ ದಡ್ಡತನ. ನಾನು ಬಾಯಿ ತೆರೆಯುವ ಮುಂಚೆ ಎದ್ದು ನಿಂತಳು. "ತಪ್ಪು ನಂದೇ ಸಾರ್. ಮಷೀನಿಗೆ ಸೆಖೆ ಆಗುತ್ತೆ ಅಂತ ಎಸಿ ರೂಮಲ್ಲಿ ಕೂರಿಸ್ದೆ, ಬೆಂಕಿಗೆ ಸುದ್ದಿ ತಡವಾಗಿ ಹೋಯ್ತು. ಹಿಡಿದದ್ದು ಇವಳು" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೆ? ಅವಳಿಗೆ! ಇಂಥ ದೊಡ್ಡ ಮನಸ್ಸು ಎಲ್ಲರಿಗೂ ಇರಬೇಕು ಅಂತ ಬಾಸು ಗದ್ಗದಿತರಾದರು. ಹೊಸಬರ ತರಬೇತಿಯಲ್ಲಿ ಇವತ್ತಿಗೂ ಈ ಕಥೆ ಹೇಳುತ್ತಾರೆ. ತಪ್ಪು ಮಾಡಿದವಳ ಹೆಸರು ಬರುತ್ತದೆ, ಹಿಡಿದವಳನ್ನು 'ಒಬ್ಬ ಸಹೋದ್ಯೋಗಿ' ಅನ್ನುತ್ತಾರೆ.

ಯಂತ್ರವನ್ನು ಪೈಪಿನ ಪಕ್ಕಕ್ಕೆ ತಂದಿಟ್ಟ ಮೇಲೆ ಬೆಂಕಿ ಆರುವುದು ನಿಂತಿತು, ಆದರೆ ವರ್ಷ ವರ್ಷವೂ ಸಿಲಿಂಡರ್ ಬೇಕೇ ಬೇಕು. ಘಟಕದವರು ಗೊಣಗುತ್ತ ತರಿಸುತ್ತಿದ್ದರು.

ನನ್ನದೂ ಒಂದು ಬರ್ನರ್ ಇತ್ತು. ತೂತುಗಳ ಮೇಲೆ ಒಂದು ಜಾರುವ ತಟ್ಟೆ, ಗ್ಯಾಸು ತೆಳುವಾದರೆ ಜರುಗಿ ತೂತು ದೊಡ್ಡದಾಗುತ್ತದೆ, ದಪ್ಪವಾದರೆ ಸಣ್ಣದಾಗುತ್ತದೆ. ಕಾಗದದ ಮೇಲೆ ಎಷ್ಟು ಚೆಂದ ಇತ್ತು ಗೊತ್ತೇ? ಶೆಡ್ಡಿನಲ್ಲಿ ಬಿಸಿಯೇರಿದ ಕೂಡಲೇ ತಟ್ಟೆ ಕಚ್ಚಿಕೊಂಡು ಕೂತಿತು. ಸುತ್ತಿಗೆಯಲ್ಲಿ ಹೊಡೆದು ಬಿಡಿಸಿದರು. ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದಾಗ ಅವಳು ಎರಡು ಲೋಟ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಐಡಿಯಾ ತುಂಬಾ ಚೆನ್ನಾಗಿತ್ತು ಕಣೇ, ತಟ್ಟೆ ಮಾಡಿದವರು ಕೆಡಿಸಿದ್ರು ಅಂದಳು. ಲೆಕ್ಕದಲ್ಲಿ ನನಗಿಂತ ನೀನೇ ಗಟ್ಟಿ ಅಂದಳು. ನಿನ್ನ ಬರ್ನರ್ ಒಂದು ಬಂದೇ ಬರುತ್ತೆ, ನೋಡ್ತಿರು ಅಂದಳು. ಸುಳ್ಳು ಯಾಕೆ ಹೇಳಲಿ, ಆ ಮಾತುಗಳನ್ನು ತಿಂದುಕೊಂಡೇ ನಾನು ಅಷ್ಟು ವರ್ಷ ಬದುಕಿದೆ. ಅವಳನ್ನು ಕಂಡರೆ ಮೈ ಉರಿಯುತ್ತಿತ್ತು, ಆದರೂ ನನ್ನ ಕೆಲಸದ ಬಗ್ಗೆ ಬೇರೆ ಯಾರು ಏನೇ ಹೇಳಿದರೂ ನನಗೆ ನಾಟುತ್ತಿರಲಿಲ್ಲ. ಅವಳು ಚೆನ್ನಾಗಿದೆ ಅಂದರೆ ಮಾತ್ರ ಚೆನ್ನಾಗಿದೆ.

ಹೀಗೆ ಅವಳು ನಿವೃತ್ತಿಯಾದಳು. ನನಗೆ ಇನ್ನೊಂದು ವರ್ಷ ಉಳಿದಿತ್ತು. ಒಂದು ವರ್ಷ ಅಂದರೆ ಒಂದೇ ಆಷಾಢ. ನನ್ನದು ಅಂತ ಹೇಳಿಕೊಳ್ಳುವ ಒಂದು ಬರ್ನರ್, ಒಂದೇ ಒಂದು, ನಿಜವಾದ ಗಿರಾಕಿಯ ನಿಜವಾದ ಟರ್ಬೈನಿನಲ್ಲಿ ಉರಿಯಬೇಕು. ಅದು ಈ ಸಲ ಆಗದಿದ್ದರೆ ನಾನು ಇನ್ನೊಬ್ರು ಮೇಡಂ ಆಗಿಯೇ ಪೇಟ ಹಾಕಿಸಿಕೊಂಡು ಮನೆಗೆ ಹೋಗಬೇಕು.

ಕೆಂಗೇರಿಯ ಬರ್ನರ್ ಬದಲಿಸುವ ಕಾಲ ಬಂದಿತ್ತು. ನಾನು ಹೊಸತು ಬರೆದೆ. ಗ್ಯಾಸನ್ನು ನೇರವಾಗಿ ಬಾಯಿಗೆ ತರದೆ, ಬರ್ನರಿನ ಬಿಸಿ ಗೋಡೆಯ ಸುತ್ತ ಒಳದಾರಿಯಲ್ಲಿ ಸುತ್ತಾಡಿಸಿ ತಂದೆ. ಗೋಡೆಗೆ ತಂಪು, ಗ್ಯಾಸಿಗೆ ಬಿಸಿ. ಮೊದಲೇ ಬಿಸಿಯಾಗಿ ಬಂದ ಗ್ಯಾಸು ತೆಳುವಾಗಿದ್ದರೂ ಬೇಗ ಹೊತ್ತಿಕೊಂಡು ನೆಲೆ ನಿಲ್ಲುತ್ತದೆ. ಜಾರುವ ತಟ್ಟೆ ಇಲ್ಲ, ಸಿಲಿಂಡರೂ ಬೇಡ. ನಡುವೆ ಎರಡು ಮೂರು ಸಲ ಸಿಕ್ಕಿಹಾಕಿಕೊಂಡೆ. ಅವಳಿಗೆ ಒಂದು ಫೋನು ಮಾಡಿದರೆ ಐದು ನಿಮಿಷದಲ್ಲಿ ಬಿಡಿಸುತ್ತಾಳೆ ಅಂತ ಗೊತ್ತಿತ್ತು. ಮಾಡಲಿಲ್ಲ. ಪ್ರಾಣ ಹೋದರೂ ಮಾಡಬಾರದು ಅಂತ ಹಟ ಹಿಡಿದೆ.

ಆಷಾಢ ಹುಟ್ಟಿದ ದಿನ ಘಟಕಕ್ಕೆ ಹೋದೆ. ಅಲ್ಲಿ ಮಷೀನು ನೋಡಿಕೊಳ್ಳುವವರು ರಾಯಚೂರು ಕಡೆಯವರು, ವಯಸ್ಸಾದವರು. ನನ್ನ ಹಿಂದೆ ಮುಂದೆ ನೋಡಿ, "ಬರ್ನರ್ ಮೇಡಮ್ಮಾರು ಬರಂಗಿಲ್ಲೇನ್ರಿ?" ಅಂತ ಕೇಳಿದರು. ಸಿಲಿಂಡರುಗಳನ್ನು ಆಗಲೇ ಸಾಲಾಗಿ ತಂದು ನಿಲ್ಲಿಸಿದ್ದರು. ಅವೆಲ್ಲ ವಾಪಸ್ ಕಳಿಸಿ ಅಂದೆ. ನನ್ನನ್ನು ಒಂಥರಾ ಕನಿಕರದಿಂದ ನೋಡಿದರು.

ಆ ತಿಂಗಳು ನಾನು ಸರಿಯಾಗಿ ಊಟ ಮಾಡಲಿಲ್ಲ. ಫೋನು ಹೊಡೆದುಕೊಂಡರೆ ಘಟಕದವರೇ ಇರಬೇಕು ಅಂತ ಓಡುತ್ತಿದ್ದೆ. ಮಳೆ ಬೇರೆ ಬಿಡದೆ ಹಿಡಿದು, ಮಾರ್ಕೆಟ್ಟಿನ ಕಸವೆಲ್ಲ ಬರೀ ನೀರು. ಗ್ಯಾಸು ದಿನ ದಿನಕ್ಕೆ ತೆಳುವಾಗುತ್ತ ಹೋಯಿತು. ಬೆಂಕಿ ಆರಲಿಲ್ಲ. ಭೀಮನ ಅಮಾವಾಸ್ಯೆ ಬಂದು ಆಷಾಢ ಮುಗಿಯಿತು. ಒಂದೇ ಒಂದು ಸಲವೂ ಬೆಂಕಿ ಆರಲಿಲ್ಲ, ಒಂದು ಸಿಲಿಂಡರೂ ತೆರೆಯಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಕೈಕುಲುಕಿದರು. ಬಾಸು ನನ್ನ ಬೆನ್ನು ತಟ್ಟಿ, ಬರ್ನರ್ ಮೇಡಂ ಜೊತೆ ಪಳಗಿದ ಕೈ ಅಂದ್ರೆ ಸುಮ್ನೇನಾ ಅಂದರು. ನನಗೆ ಅಲ್ಲೇ ಅಳು ಬಂತು. ಆನಂದಬಾಷ್ಪ ಅಂದುಕೊಂಡು ಟಿಶ್ಯೂ ಕೊಟ್ಟರು.

ಆ ಭಾನುವಾರ ಚಂದ್ರಾ ಲೇಔಟಿನ ನಮ್ಮ ಮನೆಯಿಂದ ಆಟೋ ಹಿಡಿದು ಹೇರೋಹಳ್ಳಿಗೆ ಹೊರಟೆ. ಅಲ್ಲಿ ಅವಳು ಸೈಟು ತಗೊಂಡು ಮನೆ ಕಟ್ಟಿಸಿದ್ದಾಳೆ. ರಸ್ತೆ ಅಗೆದು ಹಾಕಿದ್ದರಿಂದ ಆಟೋದವನು ತಿರುವಿನಲ್ಲೇ ಇಳಿಸಿದ. ಕೆಸರಿನಲ್ಲಿ ಸೀರೆ ಎತ್ತಿ ಹಿಡಿದುಕೊಂಡು ನಡೆದೆ. ಹೊಗಳಿಸಿಕೊಳ್ಳುವುದಕ್ಕೆ ಅಂತ ಹೋದದ್ದಲ್ಲ, ಹೊಗಳುತ್ತಾಳೆ ಅಂತ ಗೊತ್ತೇ ಇತ್ತು. ನಾನು ಮಾಡಿದ್ದು ಎಷ್ಟು ಕಷ್ಟದ್ದು ಅಂತ ಇಡೀ ಬೆಂಗಳೂರಿನಲ್ಲಿ ಅರ್ಥವಾಗುವುದು ಅವಳೊಬ್ಬಳಿಗೆ. ಅವಳಿಗೆ ಅರ್ಥವಾಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಅವಳ ಗಂಡ ಜ್ಞಾನಭಾರತಿ ಕಡೆ ವಾಕಿಂಗಿಗೆ ಹೋಗಿದ್ದರು. ಒಬ್ಬಳೇ ಇದ್ದಳು. ಬಾರೇ ಬಾರೇ ಅಂತ ಕೈ ಹಿಡಿದು ಕೂರಿಸಿದಳು. ನಾನು ಎಲ್ಲ ಹೇಳಿದೆ. ಅವಳು ಮುಂದಕ್ಕೆ ಬಾಗಿ ಕೂತು ಪ್ರಶ್ನೆ ಕೇಳುತ್ತ ಹೋದಳು. ಒಳದಾರಿ ಕಟ್ಟಿಕೊಳ್ತಾ, ಗೋಡೆ ಎಲ್ಲಾದರೂ ಬಣ್ಣ ತಿರುಗಿದೆಯಾ, ಬೆಂಕಿಯ ಅಂಚು ಅಲ್ಲಾಡುತ್ತಾ. ಇಲ್ಲ, ಇಲ್ಲ, ಇಲ್ಲ ಅಂದೆ. ಸಿಲಿಂಡರು ಅಂತ ಕೇಳಿದಳು. ಒಂದೂ ಇಲ್ಲ ಅಂದೆ.

ಅವಳು ಹಿಂದಕ್ಕೆ ಒರಗಿದಳು. ಒಳ್ಳೇದಾಯ್ತು ಕಣೇ ಅಂದಳು, ಆದರೆ ಧ್ವನಿ ಎಲ್ಲೋ ಇತ್ತು. ಟೀಪಾಯಿಯ ಮೇಲಿದ್ದ ಪೇಪರನ್ನು ಮಡಚಿದಳು, ಮತ್ತೆ ಬಿಡಿಸಿದಳು. ಕಿಟಕಿ ಕಡೆ ನೋಡುತ್ತ ಕೇಳಿದಳು:

"ಈ ಸಲ ಆಷಾಢದಲ್ಲಿ ಗ್ಯಾಸು ಅಷ್ಟೊಂದು ತೆಳು ಇರ್ಲಿಲ್ಲ ಅನ್ಸುತ್ತೆ. ಅಲ್ವೇನೇ?"

ಅವಳ ಬಾಯಲ್ಲಿ ನಾನು ಅಷ್ಟು ವರ್ಷದಲ್ಲಿ ಕೇಳಿದ ಮೊದಲ ಸಣ್ಣತನದ ಮಾತು ಅದು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು, ಒಳಗೊಳಗೇ ನಾನು ದಿನವೂ ಆಡಿಕೊಂಡ ಧ್ವನಿ ಅದು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಎದ್ದು ಕುಣಿಯಬೇಕು ಅನ್ನಿಸಿತು. ಆ ಘಟಕ ಶುರುವಾದಾಗಿನಿಂದ ಗ್ಯಾಸು ಇಷ್ಟು ತೆಳು ಯಾವತ್ತೂ ಆಗಿರಲಿಲ್ಲ. ಅದರ ಗ್ರಾಫು ನನ್ನ ಫೋನಿನಲ್ಲಿತ್ತು, ಅವಳಿಗೆ ತೋರಿಸಬೇಕು ಅಂತಲೇ ತಂದಿದ್ದೆ. ಬ್ಯಾಗಿಗೆ ಕೈ ಹಾಕಿದೆ. ಅವಳು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದಳು. ಕೈ ಪೇಪರನ್ನು ಮತ್ತೆ ಮಡಚುತ್ತಿತ್ತು.

"ಹೂಂ ಕಣೇ" ಅಂದೆ. "ಈ ಸಲ ಅಷ್ಟೇನೂ ತೆಳು ಇರ್ಲಿಲ್ಲ. ನನ್ನ ಅದೃಷ್ಟ."

ಅವಳ ಮುಖ ಸಡಿಲವಾಯಿತು. ನಕ್ಕಳು. ಮಾತಲ್ಲಿ ಕಾಫೀನೇ ಮರೆತೆ ನೋಡು ಅಂತ ಎದ್ದು ಅಡುಗೆಮನೆಗೆ ಹೋದಳು. ಎಷ್ಟು ಸಲೀಸಾಗಿ ಬಂತು ನನ್ನ ಬಾಯಲ್ಲಿ ಆ ಮಾತು. ಗೆದ್ದಿದ್ದೆ, ಅದಕ್ಕೇ ಏನೂ ಖರ್ಚಾಗಲಿಲ್ಲ. ಒಳಗೆ ಹಾಲು ಕಾಯಿಸುವ ಸದ್ದು ಕೇಳುತ್ತಿತ್ತು. ನಾನು ಸೋಫಾದ ಮೇಲೆ ಕೂತು, ಇಷ್ಟು ವರ್ಷ ಗೆದ್ದವಳಾಗಿ ಕೂತು ಅವಳು ನನಗೆ ಹೇಳಿದ ಒಳ್ಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಅವುಗಳಲ್ಲಿ ಯಾವುದು ನಿಜ ಅಂತ ಕೇಳುವ ಧೈರ್ಯ ಆವತ್ತೂ ಬರಲಿಲ್ಲ, ಇವತ್ತೂ ಇಲ್ಲ.